ಹಳೇ ಟ್ರ್ಯಾಕ್ಟರ್‌ನಲ್ಲಿ ಗ್ರೀಸ್ ತಲುಪದ ಜಾಗಗಳು: ಲಕ್ಷಣ ನೋಡಿ ಒಣಗಿದ ನಿಪ್ಪಲ್ ಹುಡುಕುವುದು

ಸ್ಟೇರಿಂಗ್ ಗಟ್ಟಿಯಾಯ್ತು ಅಂತ ಗ್ಯಾರೇಜಿಗೆ ಹೋದರೆ ಮೊದಲು ಬರುವ ಮಾತು "ಬುಷ್ ಹೋಗಿದೆ, ಕಿಂಗ್ ಪಿನ್ ಸೆಟ್ ಹಾಕಬೇಕು". ಮುಂದಿನ ಗಾಲಿ ಎಡಬಲ ತಿರುಗುವ ಗೂಟವೇ ಕಿಂಗ್ ಪಿನ್, ಅದರ ಸುತ್ತ ಕೂರುವ ಕೊಳವೆ ಬುಷ್. ಕೆಲವು ಸಲ ಅವರ ಮಾತು ನಿಜ. ಆದರೆ ಇಪ್ಪತ್ತು, ಮೂವತ್ತು ವರ್ಷ ದುಡಿದ ಗಾಡಿಯಲ್ಲಿ ಎಷ್ಟೋ ಸಲ ತೊಂದರೆ ಇರುವುದು ಗ್ರೀಸ್ ಕಾಣದ ಒಂದು ನಿಪ್ಪಲ್‌ನಲ್ಲಿ, ಅಂದರೆ ಗ್ರೀಸ್ ಒಳಗೆ ತುಂಬುವ ಪುಟ್ಟ ಬಾಯಿಯಲ್ಲಿ. ಎದುರಿಗೆ ಕಾಣುವ ನಿಪ್ಪಲ್‌ಗೆ ಎಲ್ಲರೂ ಗ್ರೀಸ್ ಗನ್ ಹಿಡಿಯುತ್ತಾರೆ. ರೇಡಿಯೇಟರ್ ಅಡಿಯಲ್ಲಿ, ಫುಟ್‌ಬೋರ್ಡ್ ಕೆಳಗೆ, ಕೆಸರಿನ ಗಡ್ಡೆಯೊಳಗೆ ಕೂತಿರುವುದು ಮಾತ್ರ ವರ್ಷಗಟ್ಟಲೆ ಒಣಗಿರುತ್ತದೆ. ಸಾಮಾನು ಕೊಳ್ಳುವ ಮೊದಲು ಅದನ್ನು ಹುಡುಕಿ.

ಇಲ್ಲಿ ಹೇಳುವುದು ಹೆಚ್ಚಾಗಿ ಮ್ಯಾಸಿ ಫರ್ಗ್ಯುಸನ್ 35, 1035 ಸಾಲಿನ ಹಳೇ ಗಾಡಿಗಳನ್ನು ಮನಸ್ಸಿನಲ್ಲಿಟ್ಟುಕೊಂಡು. 1956ರಲ್ಲಿ ಇಂಗ್ಲೆಂಡಿನಲ್ಲಿ ಬಂದ ಫರ್ಗ್ಯುಸನ್ 35 ಈ ಸಾಲಿನ ಮೂಲ. ಚೆನ್ನೈನ ಟಾಫೆ ಕಂಪನಿ 1960ರಲ್ಲಿ ಶುರುವಾಗಿ ಇದನ್ನು ನಮ್ಮ ಹೊಲಗಳಿಗೆ ತಂದಿತು. ಆ ಕಾಲದ ಗಾಡಿಗಳಲ್ಲಿ ಸೀಲ್ ಮಾಡಿದ ಬೇರಿಂಗ್ ಕಡಿಮೆ, ನಾವೇ ಗ್ರೀಸ್ ಹಾಕಬೇಕಾದ ಜಾಗ ಜಾಸ್ತಿ. ಹಳೇ ಮಹೀಂದ್ರ, ಫೋರ್ಡ್, ಐಷರ್ ಇದ್ದವರಿಗೂ ಲಕ್ಷಣಗಳು ಇವೇ. ನಿಪ್ಪಲ್ ಕೂತಿರುವ ಜಾಗ ಮಾತ್ರ ಸ್ವಲ್ಪ ಆಚೀಚೆ ಇರಬಹುದು.

ಕೆಲಸಕ್ಕೆ ಮುಂಚೆ

ಗಾಡಿ ಸಮತಟ್ಟು ಗಟ್ಟಿ ನೆಲದ ಮೇಲಿರಲಿ. ಎಂಜಿನ್ ನಿಲ್ಲಿಸಿ, ಕೀ ಜೇಬಿಗೆ ಹಾಕಿಕೊಳ್ಳಿ. ಹಿಂದೆ ಕಟ್ಟಿದ ಕಲ್ಟಿವೇಟರ್, ರೋಟವೇಟರ್ ಏನಿದ್ದರೂ ನೆಲಕ್ಕೆ ಇಳಿಸಿ. ಹ್ಯಾಂಡ್ ಬ್ರೇಕ್ ಹಾಕಿ, ಹಿಂದಿನ ಗಾಲಿಗಳಿಗೆ ಎರಡೂ ಕಡೆಯಿಂದ ಅಡ್ಡ ಕೊಡಿ. ಜಾಕ್ ಎತ್ತಿದ ಮೇಲೆ ಅದನ್ನೇ ನಂಬಿ ಕೆಳಗೆ ನುಗ್ಗಬೇಡಿ. ದಪ್ಪ ಮರದ ದಿಮ್ಮಿ ಅಥವಾ ಸ್ಟ್ಯಾಂಡ್ ಕೊಟ್ಟೇ ಕೈ ಹಾಕಿ. ಇಟ್ಟಿಗೆ, ಟೊಳ್ಳು ಸಿಮೆಂಟ್ ಬ್ಲಾಕ್ ಬೇಡವೇ ಬೇಡ. ಅವು ಸೂಚನೆ ಕೊಡದೆ ಒಡೆಯುತ್ತವೆ.

ಇನ್ನೊಂದು ಅಪಾಯ ಬಹಳ ಜನರಿಗೆ ಗೊತ್ತಿಲ್ಲ. ಕೈಯಿಂದ ಒತ್ತುವ ಸಾದಾ ಗ್ರೀಸ್ ಗನ್ ಕೂಡ ಸಾವಿರಾರು ಪಿಎಸ್‌ಐ ಒತ್ತಡ ಹುಟ್ಟಿಸುತ್ತದೆ. ಪೈಪ್ ಸೀಳಿದ್ದರೆ ಅಥವಾ ಬಾಯಿಗೆ ಬೆರಳು ಅಡ್ಡ ಇಟ್ಟರೆ ಗ್ರೀಸ್ ಚರ್ಮದೊಳಗೆ ನುಗ್ಗಿಬಿಡಬಹುದು. ಹೊರಗೆ ಸೂಜಿ ಚುಚ್ಚಿದಷ್ಟು ಗುರುತು, ನೋವೂ ಮೊದಲಿಗೆ ಜಾಸ್ತಿ ಇರುವುದಿಲ್ಲ. ಸುಮ್ನೆ ಬಿಟ್ಟರೆ ಬೆರಳೇ ಹೋಗುವ ಮಟ್ಟಕ್ಕೆ ಹೋಗುತ್ತದೆ. ಹಾಗಾದರೆ ಆ ಕ್ಷಣವೇ ದೊಡ್ಡ ಆಸ್ಪತ್ರೆಗೆ ಹೋಗಿ, ಒಳಗೆ ಗ್ರೀಸ್ ಹೋಗಿದೆ ಅಂತ ಬಿಡಿಸಿ ಹೇಳಿ.

ನಿಪ್ಪಲ್ ಎಲ್ಲಿದೆ ಅಂತಲೇ ಕಾಣುತ್ತಿಲ್ಲ

ಒಂದು ಭಾಗ ಇನ್ನೊಂದರೊಳಗೆ ತಿರುಗುವ ಅಥವಾ ಓಲಾಡುವ ಕಡೆಯೆಲ್ಲ ಗ್ರೀಸಿಗೆ ಒಂದು ದಾರಿ ಇರಲೇಬೇಕು. ಪೆಡಲ್ ಎಲ್ಲಿ ತಿರುಗುತ್ತದೆ, ಆಕ್ಸಲ್ ಎಲ್ಲಿ ಓಲಾಡುತ್ತದೆ, ಲಿವರ್ ಯಾವ ಶಾಫ್ಟ್ ಮೇಲೆ ಕೂತಿದೆ ಅಂತ ಮೊದಲು ನೋಡಿ. ಅದರ ಸುತ್ತ ಒಂದು ಗೇಣಿನೊಳಗೆ ಹುಡುಕಿ.

ಒಣಗಿದ ಮಣ್ಣನ್ನು ಮರದ ಚಕ್ಕೆಯಿಂದ ಕೆರೆಯಿರಿ. ಉಳಿ, ಸುತ್ತಿಗೆ ಹಾಕಿದರೆ ನಿಪ್ಪಲ್‌ನ ತಲೆಯೇ ಮುರಿಯುತ್ತದೆ. ಆಮೇಲೆ ಡೀಸೆಲ್ ಅದ್ದಿದ ಹಳೇ ಬ್ರಷ್‌ನಿಂದ ತೊಳೆಯಿರಿ. ಗಂಗಾವತಿ, ಸಿರುಗುಪ್ಪ ಕಡೆ ಗದ್ದೆಯಲ್ಲಿ ಕೇಜ್ ವೀಲ್ ಹಾಕಿ ಕೆಸರು ಮಾಡಿದ ಗಾಡಿ, ಗದಗ, ವಿಜಯಪುರದ ಎರೆಮಣ್ಣಿನಲ್ಲಿ ಓಡಿದ ಗಾಡಿ ಆದರೆ ಈ ಕೆಲಸಕ್ಕೇ ಅರ್ಧ ದಿನ ಹೋಗುತ್ತದೆ. ಹೋಗಲಿ ಬಿಡಿ, ಉಳಿದ ಕೆಲಸವೆಲ್ಲ ಇದರ ಮೇಲೆ ನಿಂತಿದೆ. ಕಣ್ಣು ಹೋಗದ ಕಡೆ ಮೊಬೈಲ್ ಟಾರ್ಚ್ ಹಾಕಿ ವಿಡಿಯೋ ತೆಗೆಯಿರಿ. ಬೆರಳು ಆಡಿಸಿದರೆ ಚಿಕ್ಕ ಗುಂಡು ತಲೆ ಕೈಗೆ ಸಿಗುತ್ತದೆ.

ತಲೆ ಸಿಗದೆ ಬರೀ ಮರೆ (ಥ್ರೆಡ್) ಇರುವ ತೂತು ಸಿಕ್ಕಿದರೆ ನಿಪ್ಪಲ್ ಬಿದ್ದುಹೋಗಿದೆ. ಆ ತೂತಿಗೆ ಯಾರೋ ಬೋಲ್ಟ್ ಹಾಕಿ ಮುಚ್ಚಿರುವುದೂ ಉಂಟು. ಇಲ್ಲಿ ಒಂದು ಎಚ್ಚರಿಕೆ ಬೇಕು. ಸ್ಟೇರಿಂಗ್ ಬಾಕ್ಸ್, ಗೇರ್ ಬಾಕ್ಸ್, ಪಂಪ್ ಮೇಲಿರುವ ಪ್ಲಗ್‌ಗಳು ಆಯಿಲ್ ಮಟ್ಟ ನೋಡಲಿಕ್ಕೆ ಇರುವುದು. ಅವನ್ನು ಬಿಚ್ಚಿ ನಿಪ್ಪಲ್ ಹಾಕಿ ಗ್ರೀಸ್ ತುಂಬಬೇಡಿ.

ಸಿಕ್ಕಿದ ಪ್ರತಿ ನಿಪ್ಪಲ್ ಪಕ್ಕದಲ್ಲಿ ಬಿಳಿ ಅಥವಾ ಹಳದಿ ಪೇಂಟ್‌ನಲ್ಲಿ ಒಂದು ಬೊಟ್ಟು ಇಡಿ. ಡ್ರೈವರ್ ಬದಲಾದರೂ ಜಾಗ ಮರೆಯುವುದಿಲ್ಲ.

ನಿಪ್ಪಲ್ ಇದೆ, ಆದರೆ ಗ್ರೀಸ್ ಒಳಗೆ ಹೋಗುತ್ತಿಲ್ಲ

ಮೊದಲು ಗನ್ ನೋಡಿ. ಬಾಯಿ ಗಾಳಿಯಲ್ಲಿ ಹಿಡಿದು ಒತ್ತಿ. ಗ್ರೀಸ್ ಒಂದೇ ಸಮ ಬರದಿದ್ದರೆ ಒಳಗೆ ಗಾಳಿ ಸಿಕ್ಕಿಕೊಂಡಿದೆ. ಡಬ್ಬಿಯ ಮೇಲಿನ ಭಾಗವನ್ನು ಒಂದೆರಡು ಸುತ್ತು ಸಡಿಲ ಮಾಡಿ ಒತ್ತಿ, ಗಾಳಿ ಹೋದ ಮೇಲೆ ಬಿಗಿ ಮಾಡಿ. ಗ್ರೀಸ್ ನಿಪ್ಪಲ್ ಪಕ್ಕದಿಂದ ಹೊರಗೆ ಚಿಮ್ಮಿದರೆ ಗನ್‌ ಬಾಯಿಯ ಹಿಡಿತ ಸವೆದಿದೆ, ಇಲ್ಲವೇ ಓರೆ ಹಿಡಿದಿದ್ದೀರಿ. ಇಕ್ಕಟ್ಟಿನ ಜಾಗಕ್ಕೆ ಗಟ್ಟಿ ಪೈಪ್ ಬಿಟ್ಟು ಬಳುಕುವ ಹೋಸ್ ಹಾಕಿಕೊಳ್ಳಿ.

ಗನ್ ಸರಿ ಇದ್ದು ಲಿವರ್ ಕಲ್ಲಿನ ಹಾಗೆ ನಿಂತರೆ ನಿಪ್ಪಲ್ ತುದಿಯ ಚಿಕ್ಕ ಗುಂಡನ್ನು ಸಣ್ಣ ಮೊಳೆಯಿಂದ ಮೆಲ್ಲಗೆ ಒತ್ತಿ. ಒಳಗೆ ಹೋಗಿ ವಾಪಸ್ ಬರಬೇಕು. ಬರದಿದ್ದರೆ ನಿಪ್ಪಲ್ ಬಿಚ್ಚಿ, ಹೊಸದು ಹಾಕಿ. ಟ್ರ್ಯಾಕ್ಟರ್‌ನಲ್ಲಿ ಇದಕ್ಕಿಂತ ಅಗ್ಗದ ಸಾಮಾನು ಇಲ್ಲ. ಹಳೆಯದನ್ನೇ ಅಂಗಡಿಗೆ ಒಯ್ದು ಅದೇ ಮರೆಯದು ತನ್ನಿ. ನೇರ, 45 ಡಿಗ್ರಿ, 90 ಡಿಗ್ರಿ ಬಾಗಿದ್ದು ಎಲ್ಲ ಸಿಗುತ್ತವೆ. ಗನ್ ಹೋಗದ ಜಾಗಕ್ಕೆ ಬಾಗಿದ ನಿಪ್ಪಲ್ ಹಾಕಿದರೆ ಆ ಜಾಗದ ತೊಂದರೆ ಅಲ್ಲಿಗೆ ಮುಗಿಯಿತು.

ನಿಪ್ಪಲ್ ಬಿಚ್ಚಿದಾಗ ತೂತಿನೊಳಗೆ ಮೇಣದ ಹಾಗೆ ಗಟ್ಟಿಯಾದ ಹಳೇ ಗ್ರೀಸ್ ಕಂಡರೆ ದಾರಿಯೇ ಕಟ್ಟಿದೆ. ತಂತಿಯಿಂದ ಎಷ್ಟು ಬರುತ್ತದೋ ಅಷ್ಟು ತೆಗೆಯಿರಿ. ಡೀಸೆಲ್ ಅಥವಾ ತುಕ್ಕು ಬಿಡಿಸುವ ಸ್ಪ್ರೇ ಹಾಕಿ ರಾತ್ರಿಯಿಡೀ ಬಿಡಿ. ಬೆಳಿಗ್ಗೆ ಆ ಭಾಗವನ್ನು ಆಡಿಸುತ್ತಾ ಗನ್ ಒತ್ತಿ. ಬೆಂಕಿ ಹಿಡಿದು ಕಾಯಿಸುವ ಅಭ್ಯಾಸ ಕೆಲವರಿಗಿದೆ. ಡೀಸೆಲ್ ಹಾಕಿದ ಜಾಗಕ್ಕೆ, ಸೀಲ್ ಇರುವ ಜಾಗಕ್ಕೆ ಅದು ಖಂಡಿತ ಬೇಡ.

ಹೊರಗೆ ಬರುವ ಗ್ರೀಸ್‌ನ ಬಣ್ಣ ನೋಡುವುದನ್ನು ಕಲಿತರೆ ಅರ್ಧ ರೋಗ ಗೊತ್ತಾಗುತ್ತದೆ. ಕಪ್ಪಾಗಿದ್ದರೆ ಬರೀ ಹಳೆಯದು. ಹಾಲು ಬೆರೆಸಿದಂತೆ ಬೆಳ್ಳಗಿದ್ದರೆ ನೀರು ಸೇರಿದೆ. ತುಕ್ಕಿನ ಕೆಂಪು ಇದ್ದರೆ ಬಹಳ ದಿನ ಒಣಗಿತ್ತು. ಬೆರಳಿನಲ್ಲಿ ತಿಕ್ಕಿದಾಗ ಬೆಳ್ಳಿ ಪುಡಿಯಂತೆ ಮಿನುಗಿದರೆ ಲೋಹ ಸವೆಯುತ್ತಿದೆ. ಆ ಭಾಗವನ್ನು ಬಿಚ್ಚಿ ನೋಡಲೇಬೇಕು.

ಸ್ಟೇರಿಂಗ್ ಗಟ್ಟಿ, ತಿರುಗಿಸಿದರೆ ತಾನಾಗಿ ನೇರಕ್ಕೆ ಬರುವುದಿಲ್ಲ

ಟೈರ್‌ನಲ್ಲಿ ಗಾಳಿ ಕಡಿಮೆ ಇದೆಯಾ ನೋಡಿ. ಮುಂದಿನ ಟೈರ್ ಮೆತ್ತಗಿದ್ದರೆ ಯಾವ ಗ್ರೀಸೂ ಸ್ಟೇರಿಂಗ್ ಹಗುರ ಮಾಡುವುದಿಲ್ಲ.

ಗಾಳಿ ಸರಿ ಇದ್ದರೆ ಆಕ್ಸಲ್ ಅಡಿ ಜಾಕ್ ಕೊಟ್ಟು ಮುಂದಿನ ಗಾಲಿಗಳನ್ನು ಎತ್ತಿ, ದಿಮ್ಮಿ ಕೊಡಿ. ಈಗ ಸ್ಟೇರಿಂಗ್ ತಿರುಗಿಸಿ. ಎತ್ತಿದಾಗಲೂ ಗಟ್ಟಿ ಇದ್ದರೆ ಡ್ರ್ಯಾಗ್ ಲಿಂಕ್ (ಸ್ಟೇರಿಂಗ್ ಬಾಕ್ಸಿನಿಂದ ಗಾಲಿ ಕಡೆ ಹೋಗುವ ರಾಡ್) ತುದಿ ಬಿಡಿಸಿ. ಮ್ಯಾಸಿ 35ರಲ್ಲಿ ಸ್ಟೇರಿಂಗ್ ಬಾಕ್ಸಿನಿಂದ ಎಡಕ್ಕೊಂದು, ಬಲಕ್ಕೊಂದು ಲಿಂಕ್ ಇರುತ್ತದೆ. ಎರಡನ್ನೂ ಬಿಡಿಸಬೇಕು. ಆಮೇಲೆ ಒಂದೊಂದು ಗಾಲಿಯನ್ನೂ ಕೈಯಿಂದ ಎಡಬಲ ತಿರುಗಿಸಿ ನೋಡಿ. ಯಾವ ಕಡೆ ಬಿಗಿಯೋ ಆ ಕಡೆಯ ಕಿಂಗ್ ಪಿನ್ ಒಣಗಿದೆ. ಎರಡೂ ಗಾಲಿ ಹಗುರವಾಗಿ ತಿರುಗಿ ಸ್ಟೇರಿಂಗ್ ಚಕ್ರ ಮಾತ್ರ ಗಟ್ಟಿ ಇದ್ದರೆ ತೊಂದರೆ ಬಾಕ್ಸ್‌ನಲ್ಲಿ ಅಥವಾ ಮೇಲಿನ ಕಾಲಮ್ ಬುಷ್‌ನಲ್ಲಿದೆ. ಬಾಕ್ಸಿನ ಆಯಿಲ್ ಮಟ್ಟ ನೋಡಿ. ಅದಕ್ಕೆ ಬೇಕಾದದ್ದು ಗೇರ್ ಆಯಿಲ್. ಗ್ರೀಸ್ ತುಂಬಿದರೆ ಅದು ಒಂದು ಮೂಲೆಗೆ ಕೂತುಬಿಡುತ್ತದೆ, ಹಲ್ಲುಗಳಿಗೆ ಹರಿದು ಬರುವುದಿಲ್ಲ.

ಕಿಂಗ್ ಪಿನ್‌ಗೆ ಗಾಲಿ ನೆಲದ ಮೇಲಿದ್ದಾಗಲೇ ಗ್ರೀಸ್ ಹೊಡೆಯುವುದು ಎಲ್ಲ ಕಡೆ ನಡೆಯುತ್ತದೆ. ಅಷ್ಟು ಸಾಲದು. ಗಾಡಿಯ ಮುಂಭಾರ ಇಡೀ ಪಿನ್ ಬುಡದ ಥ್ರಸ್ಟ್ ಬೇರಿಂಗ್ (ಭಾರ ಹೊರುವ ಬೇರಿಂಗ್) ಮೇಲೆ ಕೂತಿರುತ್ತದೆ. ಅಲ್ಲಿ ಸಂದೇ ಇರುವುದಿಲ್ಲ, ಗ್ರೀಸ್ ಸುಲಭದ ದಾರಿ ಹಿಡಿದು ಮೇಲಿನಿಂದ ಹೊರಬರುತ್ತದೆ. ನಾವು ಹೋಯಿತು ಅಂದುಕೊಳ್ಳುತ್ತೇವೆ. ಆಕ್ಸಲ್ ಎತ್ತಿದರೆ ಗಾಲಿ ತನ್ನ ಭಾರಕ್ಕೆ ಒಂಚೂರು ಕೆಳಗೆ ಜಾರಿ ಸಂದು ಬಿಡುತ್ತದೆ. ಒಬ್ಬರು ಗಾಲಿಯನ್ನು ಈ ಕೊನೆಯಿಂದ ಆ ಕೊನೆಗೆ ತಿರುಗಿಸುತ್ತಿರಲಿ, ಇನ್ನೊಬ್ಬರು ಗನ್ ಒತ್ತಲಿ. ಮೊದಲು ಕಪ್ಪು ಮುದ್ದೆ ಬರುತ್ತದೆ, ಆಮೇಲೆ ಕೆಂಪು ಬೆರೆತ ಕಂದು, ಕೊನೆಗೆ ನೀವು ಹಾಕಿದ ಬಣ್ಣದ ಗ್ರೀಸೇ ಆಕ್ಸಲ್ ಕಣ್ಣಿನ (ಪಿನ್ ಕೂರುವ ತೂತಿನ) ಕೆಳಗೆ ಸುತ್ತಲೂ ಬಳೆಯಂತೆ ಮೂಡುತ್ತದೆ. ಆ ಬಳೆ ಪೂರ್ತಿ ಆಗುವವರೆಗೆ ಬಿಡಬೇಡಿ.

ಗ್ರೀಸ್ ಸರಿಯಾಗಿ ಹೋದ ಮೇಲೂ ಗಾಲಿಯ ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿದರೆ ಪಿನ್ ಬುಷ್‌ನಲ್ಲಿ ಕುಲುಕಿದರೆ, ಆಗ ಗ್ಯಾರೇಜಿನವರ ಮಾತು ಸರಿ. ಬುಷ್ ಬದಲಿಸಿ.

ಬದು ಹತ್ತಿಸುವಾಗ ಮುಂದೆ "ಟಕ್" ಅನ್ನುತ್ತದೆ

ಇದು ಮುಂದಿನ ಆಕ್ಸಲ್‌ನ ನಡುವಿನ ಪಿನ್. ಇಡೀ ಆಕ್ಸಲ್ ಇದೊಂದರ ಮೇಲೆ ಓಲಾಡುತ್ತದೆ. ಹಳೇ ಟ್ರ್ಯಾಕ್ಟರ್‌ನಲ್ಲಿ ಅತಿ ಹೆಚ್ಚು ಮರೆತುಹೋಗುವ ನಿಪ್ಪಲ್ ಕೂಡ ಇದೇ. ರೇಡಿಯೇಟರ್ ಕೆಳಗಿನ ದೊಡ್ಡ ಎರಕದ ಒಳಗೆ ಅಡಗಿರುತ್ತದೆ. ಕೆಲವು ಗಾಡಿಗಳಲ್ಲಿ ಪಿನ್‌ನ ಮುಂದಿನ ತುದಿಯಲ್ಲಿ, ಕೆಲವುಗಳಲ್ಲಿ ಆಕ್ಸಲ್ ನಡುವಿನ ಮೇಲೆ ಅಥವಾ ಕೆಳಗೆ ಇರುತ್ತದೆ. ಮುಂದಿನಿಂದ ನೋಡಿದರೆ ಸಿಗದಿದ್ದರೆ ಪಕ್ಕದಿಂದ ಕೈ ಹಾಕಿ ತಡಕಿ. ಮುಂದೆ ಬಂಪರ್ ಅಥವಾ ತೂಕದ ಕಬ್ಬಿಣ ಕೂರಿಸಿದ್ದರೆ ಅದನ್ನು ಒಂದು ಸಲ ಬಿಚ್ಚಿ. ಅದರ ಹಿಂದೆಯೇ ಮುಚ್ಚಿಹೋಗಿರುವುದು ಜಾಸ್ತಿ.

ಗ್ರೀಸ್ ಒಳಗೆ ಹೋಗದಿದ್ದರೆ ಇಲ್ಲಿಯೂ ಭಾರ ಇಳಿಸಬೇಕು. ಆದರೆ ಜಾಕ್ ಆಕ್ಸಲ್ ಅಡಿಯಲ್ಲಿ ಬೇಡ. ಆಗ ಪಿನ್ ಮೇಲಿನ ಭಾರ ಹಾಗೇ ಇರುತ್ತದೆ. ಎಂಜಿನ್ ಮುಂದಿನ ಎರಕದ ಅಡಿಗೆ ಕೊಟ್ಟು, ಗಾಲಿಗಳು ನೆಲ ಬಿಡುವಷ್ಟು ಮಾತ್ರ ಎತ್ತಿ. ಈಗ ಗಾಡಿಯ ಮುಂಭಾಗ ಒಂದೇ ಕಡೆ ನಿಂತಿರುತ್ತದೆ, ಹಾಗಾಗಿ ಎಡಬಲ ಎರಡೂ ಕಡೆ ದಿಮ್ಮಿ ಇಲ್ಲದೆ ಹತ್ತಿರ ಹೋಗಬೇಡಿ. ಆಕ್ಸಲ್‌ನ ಒಂದು ತುದಿಯನ್ನು ಮೇಲೆ ಕೆಳಗೆ ಓಲಾಡಿಸುತ್ತಾ ಗ್ರೀಸ್ ಕೊಡಿ.

ಪಿನ್ ಮತ್ತು ಬುಷ್ ನಡುವೆ ಕಣ್ಣಿಗೆ ಕಾಣುವಷ್ಟು ಸಂದಿದ್ದರೆ, ಪಿನ್ ತಡೆಯುವ ಬೋಲ್ಟ್ ಸಡಿಲವಾಗಿದ್ದರೆ ಅಥವಾ ಎರಕದಲ್ಲಿ ಕೂದಲೆಳೆಯ ಬಿರುಕು ಕಂಡರೆ ಅಲ್ಲಿಗೆ ನಿಲ್ಲಿಸಿ. ಕಬ್ಬಿನ ಲೋಡ್ ಎಳೆಯುವ ಗಾಡಿಯಾದರೆ ಇನ್ನೊಂದು ಟ್ರಿಪ್ ಕೂಡ ಬೇಡ.

ಮುಂದಿನ ಗಾಲಿ ಗುರ್ ಅನ್ನುತ್ತದೆ, ಹಬ್ ಬಿಸಿಯಾಗುತ್ತದೆ

ರಸ್ತೆಯಲ್ಲಿ ಸ್ವಲ್ಪ ದೂರ ಓಡಿಸಿ ಬಂದು ಎರಡೂ ಹಬ್‌ಗಳನ್ನು ಮುಂಗೈಯ ಹಿಂಬದಿಯಿಂದ ಮುಟ್ಟಿ ನೋಡಿ. ಒಂದು ಮಾತ್ರ ಬಿಸಿ ಇದ್ದರೆ ಅದರ ಬೇರಿಂಗ್‌ಗೆ ಗ್ರೀಸ್ ಇಲ್ಲ ಅಥವಾ ನಟ್ ಜಾಸ್ತಿ ಬಿಗಿ ಇದೆ.

ಕೆಲವು ಹಬ್‌ಗಳಿಗೆ ನಿಪ್ಪಲ್ ಇರುತ್ತದೆ, ಹಲವಕ್ಕೆ ಇರುವುದಿಲ್ಲ. ಇಲ್ಲದಿದ್ದರೆ ಹುಡುಕುತ್ತಾ ಕೂರಬೇಡಿ. ಕ್ಯಾಪ್ ತೆಗೆದು, ಸ್ಪ್ಲಿಟ್ ಪಿನ್ ಮತ್ತು ನಟ್ ಬಿಚ್ಚಿ, ಬೇರಿಂಗ್ ಹೊರತೆಗೆದು ತೊಳೆದು, ಅಂಗೈಯಲ್ಲಿ ಗ್ರೀಸ್ ಇಟ್ಟುಕೊಂಡು ರೋಲರ್‌ಗಳ ಸಂದಿಗೆ ಒತ್ತಿ ತುಂಬಬೇಕು. ರೋಲರ್ ನೀಲಿಗಟ್ಟಿದ್ದರೆ, ಗುಳಿ ಬಿದ್ದಿದ್ದರೆ ಹೊಸದೇ ಬೇಕು. ವಾಪಸ್ ಹಾಕುವಾಗ ಗಾಲಿ ತಿರುಗಿಸುತ್ತಾ ನಟ್ ಬಿಗಿ ಮಾಡಿ. ತಿರುಗುವುದು ಕಷ್ಟವಾಗುತ್ತಿದ್ದಂತೆ ಪಿನ್ ತೂತು ಸಿಗುವಷ್ಟು ಸಡಿಲಿಸಿ. ಸ್ಪ್ಲಿಟ್ ಪಿನ್ ಪ್ರತಿ ಸಲ ಹೊಸದು.

ಗದ್ದೆ ಕೆಲಸ ಮುಗಿಸಿದ ದಿನ ಸಂಜೆಯೇ ಮುಂದಿನ ನಿಪ್ಪಲ್‌ಗಳಿಗೆ ಗ್ರೀಸ್ ಹೊಡೆದು ಗಾಡಿ ನಿಲ್ಲಿಸಿ. ಒಳಗೆ ಸೇರಿದ ಕೆಸರು ನೀರು ರಾತ್ರಿ ಅಲ್ಲೇ ಕೂರದೆ ಹೊರಗೆ ತಳ್ಳಲ್ಪಡುತ್ತದೆ. ಬೆಳಿಗ್ಗೆ ಹೊಡೆಯುವುದಕ್ಕಿಂತ ಇದು ಎಷ್ಟೋ ಮೇಲು.

ಕ್ಲಚ್ ಒತ್ತಿದರೆ ಸದ್ದು, ಅಥವಾ ಪೆಡಲ್ ವಾಪಸ್ ಬರುವುದಿಲ್ಲ

ಪೆಡಲ್ ನಿಧಾನವಾಗಿ ಮೇಲೆ ಬರುತ್ತಿದ್ದರೆ ಖುಷಿಪಡಿ, ಬಹುಶಃ ಸುಲಭದ ಕೆಲಸ. ಪೆಡಲ್ ಕೂತಿರುವ ಶಾಫ್ಟಿನ ಬುಡದಲ್ಲಿ, ಫುಟ್‌ಬೋರ್ಡಿನ ಕೆಳಗೆ ನಿಪ್ಪಲ್ ಇದೆ. ಚಪ್ಪಲಿಯ ಮಣ್ಣೆಲ್ಲ ಅದರ ಮೇಲೇ ಬೀಳುತ್ತದೆ. ಕೆಳಗಿನಿಂದ ಮಲಗಿ ನೋಡಿದರೆ ಕಾಣುತ್ತದೆ.

ಸದ್ದಿನ ವಿಷಯ ಬೇರೆ. ಅದನ್ನು ಕಿವಿಯಿಂದ ವಿಂಗಡಿಸಬೇಕು. ಗಾಡಿ ನ್ಯೂಟ್ರಲ್‌ನಲ್ಲಿ, ಎಂಜಿನ್ ಐಡಲ್‌ನಲ್ಲಿ ಇರಲಿ. ಪೆಡಲ್ ಮೇಲೆ ಕಾಲು ಸ್ವಲ್ಪ ಊರಿದ ಕೂಡಲೇ ಕಿರ್ ಅಂತ ಶುರುವಾಗಿ, ಬಿಟ್ಟರೆ ನಿಂತರೆ ಅದು ರಿಲೀಸ್ ಬೇರಿಂಗ್, ಅಂದರೆ ಪೆಡಲ್ ಒತ್ತಿದಾಗ ಕ್ಲಚ್ ಬಿಡಿಸುವ ಬೇರಿಂಗ್. ಪೂರ್ತಿ ಒತ್ತಿದಾಗ ಮಾತ್ರ ಬಂದರೆ ಫ್ಲೈವೀಲ್ ನಡುವಿನ ಚಿಕ್ಕ ಪೈಲಟ್ ಬೇರಿಂಗ್ ಇರಬಹುದು. ಪೆಡಲ್ ಬಿಟ್ಟಾಗ ಸದ್ದಿದ್ದು ಒತ್ತಿದಾಗ ನಿಂತರೆ ಗೇರ್ ಬಾಕ್ಸ್ ಕಡೆ ಅನುಮಾನ ಪಡಿ.

ರಿಲೀಸ್ ಬೇರಿಂಗ್ ಆದರೆ ಮೊದಲು ಪೆಡಲ್‌ನ ಫ್ರೀ ಪ್ಲೇ (ಕ್ಲಚ್ ಹಿಡಿಯುವ ಮೊದಲು ಪೆಡಲ್ ಸುಮ್ಮನೆ ಆಡುವ ಸಡಿಲ) ನೋಡಿ. ಸ್ವಲ್ಪವೂ ಪ್ಲೇ ಇಲ್ಲದಿದ್ದರೆ ಬೇರಿಂಗ್ ಇಡೀ ದಿನ ಸುತ್ತುತ್ತಲೇ ಇರುತ್ತದೆ. ಪೆಡಲ್ ಮೇಲೆ ಕಾಲಿಟ್ಟೇ ಓಡಿಸುವವರ ಗಾಡಿಯಲ್ಲೂ ಇದೇ ಆಗುವುದು. ಆಮೇಲೆ ಕ್ಲಚ್ ಹೌಸಿಂಗ್ ಪಕ್ಕದ ಅಥವಾ ಕೆಳಗಿನ ಸಣ್ಣ ಮುಚ್ಚಳ ತೆಗೆದು ಟಾರ್ಚ್ ಬಿಡಿ. ಬೇರಿಂಗ್ ಹೊರುವ ತೋಳಿನ ಮೇಲೆ ನಿಪ್ಪಲ್ ಇದ್ದರೆ ಗನ್‌ನ ಒಂದೆರಡು ಒತ್ತು ಸಾಕು. ಇದೊಂದು ಜಾಗದಲ್ಲಿ ಕೈ ಬಿಗಿ ಹಿಡಿಯಲೇಬೇಕು. ಜಾಸ್ತಿಯಾದ ಗ್ರೀಸ್ ಸುತ್ತುವಾಗ ಸಿಡಿದು ಕ್ಲಚ್ ಪ್ಲೇಟಿಗೆ ಹತ್ತುತ್ತದೆ. ಆಮೇಲೆ ಲೋಡ್ ಎಳೆಯುವಾಗ ಕ್ಲಚ್ ಜಾರಲು ಶುರುವಾಗುತ್ತದೆ. ನಿಪ್ಪಲ್ ಇಲ್ಲದ, ಸೀಲ್ ಆದ ಬೇರಿಂಗ್ ಇದ್ದರೆ ಹೊರಗಿನಿಂದ ಏನೂ ಮಾಡುವಂತಿಲ್ಲ.

ಬೇರಿಂಗ್ ಬದಲಿಸಬೇಕಾದರೆ ಟ್ರ್ಯಾಕ್ಟರನ್ನು ನಡುವೆ ಬಿಡಿಸಿ ಎರಡು ಭಾಗ ಮಾಡಬೇಕು. ಅದು ಮನೆಯ ಮುಂದೆ ಮಾಡುವ ಕೆಲಸವಲ್ಲ. ಸರಿಯಾದ ಸ್ಟ್ಯಾಂಡ್ ಇರುವ ಗ್ಯಾರೇಜಿಗೇ ಕೊಡಿ.

ಒಂದು ಕಡೆ ಬ್ರೇಕ್ ಹಿಡಿದೇ ಇರುತ್ತದೆ

ಬ್ರೇಕ್ ಪೆಡಲ್ ಶಾಫ್ಟ್‌ಗೂ, ಡ್ರಮ್ ಪಕ್ಕದಲ್ಲಿ ಲಿವರ್ ತಿರುಗುವ ಜಾಗಕ್ಕೂ ಗ್ರೀಸ್ ಬೇಕು. ರಾಡ್ ಬಿಡಿಸಿ ಪೆಡಲನ್ನು, ಲಿವರನ್ನು ಬೇರೆ ಬೇರೆಯಾಗಿ ಆಡಿಸಿ. ಯಾವುದು ಬಿಗಿಯೋ ಅದೇ ಕಾರಣ. ಡ್ರಮ್ ಪಕ್ಕದ ನಿಪ್ಪಲ್‌ಗೆ ಒಂದೆರಡು ಒತ್ತಿಗಿಂತ ಜಾಸ್ತಿ ಬೇಡ, ಒಳಗಿನ ಲೈನಿಂಗ್‌ಗೆ ಗ್ರೀಸ್ ತಾಗಿದರೆ ಆ ಕಡೆ ಬ್ರೇಕ್ ಹೋಯಿತು. ಬ್ರೇಕ್ ಮುಟ್ಟಿದ ಮೇಲೆ ಖಾಲಿ ಜಾಗದಲ್ಲಿ ನಿಧಾನಕ್ಕೆ ಓಡಿಸಿ, ಎರಡೂ ಪೆಡಲ್ ಜೋಡಿಸಿ ಒತ್ತಿ. ಗಾಡಿ ಒಂದು ಕಡೆ ಎಳೆದರೆ ಟ್ರೇಲರ್ ಕಟ್ಟಬೇಡಿ, ಮೆಕ್ಯಾನಿಕ್ ಕರೆಸಿ.

ಫ್ಯಾನ್ ಕಡೆಯಿಂದ ಕೀಚು ಸದ್ದು

ಎಂಜಿನ್ ನಿಲ್ಲಿಸಿ ಬೆಲ್ಟ್ ಬಿಚ್ಚಿ. ಡೈನಮೋ ಪುಲ್ಲಿ, ವಾಟರ್ ಪಂಪ್ ಪುಲ್ಲಿ ಎರಡನ್ನೂ ಕೈಯಿಂದ ಸುತ್ತಿ. ಯಾವುದು ಗರಗರ ಅನ್ನುತ್ತದೆ, ಯಾವುದು ಕುಲುಕುತ್ತದೆ ಗೊತ್ತಾಗುತ್ತದೆ. ಎರಡೂ ನುಣ್ಣಗೆ ಸುತ್ತಿದರೆ ತಪ್ಪು ಬೆಲ್ಟಿನದು.

ಲ್ಯೂಕಾಸ್ ಮಾದರಿಯ ಹಳೇ ಡೈನಮೋ ಆದರೆ ಹಿಂಬದಿಯ ಮುಚ್ಚಳದ ನಡುವೆ ಒಂದು ಪುಟ್ಟ ತೂತಿರುತ್ತದೆ. ಅದು ಬುಷ್‌ಗೆ ಎಣ್ಣೆ ಬಿಡುವ ಜಾಗ. ದೂಳು ತುಂಬಿ ಮುಚ್ಚಿಹೋಗಿರುವುದರಿಂದ ಅಲ್ಲೊಂದು ತೂತಿದೆ ಅಂತಲೇ ಬಹಳ ಜನರಿಗೆ ಗೊತ್ತಿಲ್ಲ. ಎಂಜಿನ್ ಆಯಿಲ್ ಎರಡು ಮೂರು ಹನಿ ಸಾಕು. ಜಾಸ್ತಿ ಬಿಟ್ಟರೆ ಕಾರ್ಬನ್ ಬ್ರಷ್‌ಗೆ ಇಳಿದು ಚಾರ್ಜಿಂಗ್ ಕಡಿಮೆಯಾಗುತ್ತದೆ. ವಾಟರ್ ಪಂಪ್ ಅಡಿಯ ಸಣ್ಣ ತೂತಿನಿಂದ ನೀರು ತೊಟ್ಟಿಕ್ಕುತ್ತಿದ್ದರೆ ಸೀಲ್ ಹೋಗಿದೆ ಅಂತ ಅರ್ಥ. ಆ ತೂತನ್ನು ಎಂಸೀಲ್ ಹಾಕಿ ಮುಚ್ಚಬೇಡಿ. ನೀರು ಬೇರಿಂಗ್ ಕಡೆ ತಿರುಗುತ್ತದೆ.

ಲಿಫ್ಟ್ ಹಿಡಿ ತಿರುಗುವುದಿಲ್ಲ, ರೋಟವೇಟರ್ ಶಾಫ್ಟ್ ಕಟಕಟ ಅನ್ನುತ್ತದೆ

ಬಲಗಡೆಯ ಲಿಫ್ಟ್ ರಾಡ್ ಮೇಲಿನ ಲೆವೆಲಿಂಗ್ ಹಿಡಿ ಗಟ್ಟಿಯಾದರೆ ಅದರ ಪುಟ್ಟ ಗೇರ್ ಡಬ್ಬಿಗೆ ಗ್ರೀಸ್ ಬೇಕು. ಹಿಡಿಗೆ ಪೈಪ್ ಸಿಕ್ಕಿಸಿ ಬಲವಂತ ಮಾಡಿದರೆ ಹಲ್ಲು ಮುರಿಯುತ್ತದೆ.

ಪಿಟಿಒ ಶಾಫ್ಟ್ ಅಂದರೆ ಎಂಜಿನ್ ಬಲವನ್ನು ರೋಟವೇಟರ್‌ಗೆ ಒಯ್ಯುವ ಶಾಫ್ಟ್. ಅದರ ಕೀಲಿನ ಕ್ರಾಸ್‌ಗಳ (ನಾಲ್ಕು ಕೈಯ ತುಂಡುಗಳ) ನಿಪ್ಪಲ್ ಕವೆಯೊಳಗೆ ಅಡಗಿರುತ್ತದೆ. ಎಂಜಿನ್ ನಿಲ್ಲಿಸಿ, ಪಿಟಿಒ ಲಿವರ್ ನ್ಯೂಟ್ರಲ್‌ಗೆ ಹಾಕಿ, ಶಾಫ್ಟನ್ನು ಕೈಯಿಂದ ತಿರುಗಿಸಿ ನಿಪ್ಪಲ್ ನಿಮ್ಮ ಕಡೆ ಬರುವಂತೆ ಮಾಡಿ. ಗ್ರೀಸ್ ನಾಲ್ಕೂ ಕಪ್‌ಗಳಿಂದ ಹೊರಗೆ ಇಣುಕಬೇಕು. ಮೂರರಲ್ಲಿ ಬಂದು ಒಂದರಲ್ಲಿ ಬರದಿದ್ದರೆ ಆ ಒಂದೇ ಕಪ್ಪಿನ ಸೂಜಿ ರೋಲರ್‌ಗಳು ಒಣಗಿ ಮುರಿಯುತ್ತವೆ. ಒಂದರೊಳಗೊಂದು ಜಾರುವ ಪೈಪ್‌ಗಳಿಗೂ ಗ್ರೀಸ್ ಹಚ್ಚಿ. ಲುಂಗಿ ಉಟ್ಟು, ಹೆಗಲ ಮೇಲೆ ಟವೆಲ್ ಹಾಕಿಕೊಂಡು ತಿರುಗುವ ಶಾಫ್ಟಿನ ಹತ್ತಿರ ಹೋಗಬೇಡಿ. ಬಟ್ಟೆ ಸಿಕ್ಕರೆ ಬಿಡಿಸಿಕೊಳ್ಳಲು ಸಮಯ ಸಿಗುವುದಿಲ್ಲ. ಶಾಫ್ಟಿನ ಪ್ಲಾಸ್ಟಿಕ್ ಕವಚ ಒಡೆದಿದ್ದರೆ ಮೊದಲು ಅದನ್ನು ಹಾಕಿಸಿ.

ಡೀಸೆಲ್ ಪಂಪ್‌ನ ಬುಡದಲ್ಲಿ ಆಯಿಲ್ ಒಸರುತ್ತದೆ, ಡೀಸೆಲ್ ವಾಸನೆ ಬರುತ್ತದೆ

ಪೈಪ್‌ಗಳು ಒಂದೇ ಸಾಲಿನಲ್ಲಿ ನಿಂತಿರುವ ಇನ್‌ಲೈನ್ ಪಂಪ್ ನಿಮ್ಮ ಗಾಡಿಗೆ ಇದ್ದರೆ ಇದನ್ನು ಓದಿ. ಬೆಂಗಳೂರಿನ ಮೈಕೋ ಕಾರ್ಖಾನೆಯಲ್ಲಿ ತಯಾರಾದ ಇಂಥ ಪಂಪ್‌ಗಳು ಹಳೇ ಗಾಡಿಗಳಲ್ಲಿ ಬೇಕಾದಷ್ಟಿವೆ. ಇವುಗಳಲ್ಲಿ ಹಲವಕ್ಕೆ ಬುಡದ ಕ್ಯಾಮ್ ಶಾಫ್ಟ್‌ಗೆ ತನ್ನದೇ ಆಯಿಲ್ ಇರುತ್ತದೆ. ಎಂಜಿನ್ ಆಯಿಲ್ ಬದಲಿಸುವವರು ಇದನ್ನು ಬಿಟ್ಟೇಬಿಡುತ್ತಾರೆ. ಕೆಲವಕ್ಕೆ ಎಂಜಿನ್‌ನಿಂದಲೇ ಆಯಿಲ್ ಬರುತ್ತದೆ. ದುಂಡನೆಯ ರೋಟರಿ ಪಂಪ್‌ಗೆ ಹಾಯುವ ಡೀಸೆಲ್ಲೇ ಎಣ್ಣೆಯ ಕೆಲಸ ಮಾಡುತ್ತದೆ, ಅದರಲ್ಲಿ ಹುಡುಕುವಂಥದ್ದೇನೂ ಇಲ್ಲ.

ಪಂಪ್ ಪಕ್ಕದ ಮಟ್ಟದ ಪ್ಲಗ್ ಬಿಚ್ಚಿ. ಅಂಚಿನವರೆಗೆ ಆಯಿಲ್ ಇದ್ದರೆ ಸರಿ. ಏನೂ ಬರದಿದ್ದರೆ ಅಂಚಿಗೆ ಬರುವವರೆಗೆ ಶುದ್ಧ ಎಂಜಿನ್ ಆಯಿಲ್ ಬಿಡಿ. ಬಿಚ್ಚಿದ ಕೂಡಲೇ ತೆಳ್ಳಗೆ ಸುರಿದು ಡೀಸೆಲ್ ವಾಸನೆ ಹೊಡೆದರೆ ಒಳಗಿನ ಎಲಿಮೆಂಟ್ (ಡೀಸೆಲ್ ಒತ್ತುವ ಭಾಗ) ಸವೆದು ಡೀಸೆಲ್ ಕೆಳಗೆ ಇಳಿಯುತ್ತಿದೆ. ಆಯಿಲ್ ಪೂರ್ತಿ ಇಳಿಸಿ ಹೊಸದು ಹಾಕಿ, ಒಂದೆರಡು ದಿನದ ಕೆಲಸದ ಮೇಲೆ ಮತ್ತೆ ಪ್ಲಗ್ ಬಿಚ್ಚಿ ನೋಡಿ. ಮತ್ತೆ ಅದೇ ವಾಸನೆ ಬಂದರೆ ಪಂಪನ್ನು ಟೆಸ್ಟ್ ಬೆಂಚ್ ಇರುವ ಡೀಸೆಲ್ ಪಂಪ್ ಅಂಗಡಿಗೆ ಒಯ್ಯಿರಿ. ಸೀಲ್ ತಂತಿ ಹಾಕಿದ ಸ್ಕ್ರೂಗಳನ್ನು ನೀವೇ ಮುಟ್ಟಬೇಡಿ.